ಬೇಟೆಯ ಒತ್ತಡ ಮತ್ತು ಜಿಂಕೆಗಳ ವರ್ತನೆ

ಬೇಟೆಯ ಒತ್ತಡ ಎಂದರೆ ಒಂದು ಪ್ರದೇಶದಲ್ಲಿ ಬೇಟೆಗಾರರ ಓಡಾಟ, ಗುಂಡಿನ ಸದ್ದು, ಮನುಷ್ಯರ ವಾಸನೆ ಮುಂತಾದವುಗಳಿಂದ ಕಾಡುಪ್ರಾಣಿಗಳ ಮೇಲೆ ಉಂಟಾಗುವ ಒಟ್ಟು ಪರಿಣಾಮ. ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆ ಹಾಗೂ ಎಲ್ಕ್‌ಗಳಲ್ಲಿ ಇದರ ಅಧ್ಯಯನ ಹೆಚ್ಚಾಗಿ ನಡೆದಿದೆ. ಒತ್ತಡ ಹೆಚ್ಚಿದಾಗ ಬಿಳಿಬಾಲದ ಜಿಂಕೆಗಳು ಸಾಮಾನ್ಯವಾಗಿ ತಮ್ಮ ನೆಲೆಯನ್ನು ಶಾಶ್ವತವಾಗಿ ತೊರೆಯುವುದಿಲ್ಲ. ಅದೇ ನೆಲೆಯೊಳಗೆ ಸಂಚರಿಸುವ ವೇಳೆಯನ್ನೂ ಸ್ಥಳವನ್ನೂ ಬದಲಿಸಿಕೊಳ್ಳುತ್ತವೆ.

ಅಪಾಯದ ಅರಿವು

ಜಿಂಕೆಗಳು ಅಪಾಯವನ್ನು ಮುಖ್ಯವಾಗಿ ವಾಸನೆ ಮತ್ತು ಶಬ್ದದಿಂದ ಗುರುತಿಸುತ್ತವೆ. ಚಲನೆಯನ್ನು ಅವುಗಳ ಕಣ್ಣು ಬೇಗನೆ ಗ್ರಹಿಸುತ್ತದೆ. ಕೆಂಪು ಮತ್ತು ಕಿತ್ತಳೆ ಬಣ್ಣಗಳನ್ನು ಅವು ಮನುಷ್ಯರಂತೆ ಬೇರ್ಪಡಿಸಿ ಕಾಣಲಾರವು. ಆದುದರಿಂದ ಬೇಟೆಗಾರರು ಪರಸ್ಪರರ ಸುರಕ್ಷತೆಗಾಗಿ ಧರಿಸುವ ಹೊಳೆಯುವ ಕಿತ್ತಳೆ ಉಡುಪಿಗಿಂತ ಗಾಳಿಯ ದಿಕ್ಕು ಮತ್ತು ಹೆಜ್ಜೆಯ ಸದ್ದುಗಳೇ ಜಿಂಕೆಗಳಿಗೆ ಹೆಚ್ಚಿನ ಸುಳಿವು ನೀಡುತ್ತವೆ.

ವರ್ತನೆಯಲ್ಲಿನ ಬದಲಾವಣೆಗಳು

ಬಿಳಿಬಾಲದ ಜಿಂಕೆಗಳು ಸ್ವಭಾವತಃ ಮುಂಜಾನೆ ಮತ್ತು ಮುಸ್ಸಂಜೆಗಳಲ್ಲಿ ಹೆಚ್ಚು ಚಟುವಟಿಕೆಯಿಂದಿರುತ್ತವೆ. ಬೇಟೆ ಆರಂಭವಾದ ಬಳಿಕ ಅವು ಹಗಲಿನಲ್ಲಿ ದಟ್ಟ ಪೊದೆ, ಜೌಗು ನೆಲ ಮೊದಲಾದ ಮರೆಗಳಲ್ಲಿ ಉಳಿದು, ಹೊಲ ಮತ್ತು ಹುಲ್ಲುಗಾವಲುಗಳಿಗೆ ಕತ್ತಲಾದ ಮೇಲೆ ಬರುತ್ತವೆ. ಪದೇ ಪದೇ ಬಳಸಿದ ಅಟ್ಟಣೆಗಳ ಸುತ್ತಲಿನ ಜಾಗವನ್ನು ಹಗಲಿನಲ್ಲಿ ತಪ್ಪಿಸುತ್ತವೆ. ಆದರೆ ಸಂಗಾತಿಯನ್ನು ಅರಸುವ ಋತುವಿನಲ್ಲಿ ಗಂಡು ಜಿಂಕೆಗಳ ಈ ಎಚ್ಚರ ಸಡಿಲಗೊಳ್ಳುತ್ತದೆ. ಉತ್ತರ ಅಮೆರಿಕದ ಬಹುಭಾಗದಲ್ಲಿ ಇದು ನವೆಂಬರ್ ತಿಂಗಳಲ್ಲಿ ಉತ್ತುಂಗಕ್ಕೇರುತ್ತದೆ.

ಅಧ್ಯಯನಗಳು

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಜಿಪಿಎಸ್ ಕೊರಳಪಟ್ಟಿ ತೊಡಿಸಿದ ಎಲ್ಕ್‌ಗಳನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೆಚ್ಚು ಚಲಿಸುವ ಮತ್ತು ಬಯಲನ್ನು ಹೆಚ್ಚಾಗಿ ಬಳಸುವ ಪ್ರಾಣಿಗಳೇ ಬೇಟೆಗೆ ಸುಲಭವಾಗಿ ಬಲಿಯಾದವು. 2017ರ ಮತ್ತೊಂದು ಅಧ್ಯಯನವು, ಹೆಣ್ಣು ಎಲ್ಕ್‌ಗಳು ವಯಸ್ಸಾದಂತೆ ತಮ್ಮ ಚಲನೆಯನ್ನು ತಗ್ಗಿಸಿಕೊಂಡು, ಸುಮಾರು 9–10 ವರ್ಷಗಳ ಹೊತ್ತಿಗೆ ಬೇಟೆಗಾರರಿಗೆ ಬಹುತೇಕ ಸಿಗದಂತಾಗುತ್ತವೆ ಎಂದು ತೋರಿಸಿತು. ಹೀಗೆ ಹಿಂಡಿನಲ್ಲಿ ಎಚ್ಚರಿಕೆಯ ಸ್ವಭಾವ ಎರಡು ಬಗೆಯಲ್ಲಿ ಉಳಿಯುತ್ತದೆ: ಧೈರ್ಯದ ಪ್ರಾಣಿಗಳು ಮೊದಲು ಸಾಯುತ್ತವೆ, ಬದುಕಿದವು ಅನುಭವದಿಂದ ಕಲಿಯುತ್ತವೆ. ಬೇಟೆಯೂ ಸೇರಿದಂತೆ ಮನುಷ್ಯರ ಹಲವು ಚಟುವಟಿಕೆಗಳಿಂದ ಸಸ್ತನಿಗಳು ರಾತ್ರಿಸಂಚಾರವನ್ನು ಹೆಚ್ಚಿಸಿಕೊಳ್ಳುತ್ತವೆ ಎಂಬುದನ್ನು 62 ಪ್ರಭೇದಗಳನ್ನು ಒಳಗೊಂಡ 2018ರ ವಿಶ್ಲೇಷಣೆಯೂ ದೃಢಪಡಿಸಿದೆ.

ಬೇಟೆಗಾರರ ಕ್ರಮಗಳು

ಅನುಭವಿ ಬೇಟೆಗಾರರು ಒಂದೇ ಅಟ್ಟಣೆಯನ್ನು ಸತತವಾಗಿ ಬಳಸದೆ ಜಾಗಗಳನ್ನು ಸರದಿಯಂತೆ ಬದಲಿಸುತ್ತಾರೆ. ಜಿಂಕೆಗಳು ಇರುವ ಕಡೆಗೆ ಗಾಳಿ ಬೀಸುವಾಗ ಅಲ್ಲಿಗೆ ಹೋಗುವುದಿಲ್ಲ. ಅವು ವಿಶ್ರಮಿಸುವ ಮರೆಗಳನ್ನು ಕಲಕುವುದಿಲ್ಲ. ಇತರ ಬೇಟೆಗಾರರು ವಿರಳವಾಗಿ ತಲುಪುವ, ರಸ್ತೆಯಿಂದ ದೂರದ ಭಾಗಗಳನ್ನು ಕೆಲವರು ಆರಿಸಿಕೊಳ್ಳುತ್ತಾರೆ.

ನಿರ್ವಹಣೆಯಲ್ಲಿ ಮಹತ್ವ

ಜಿಂಕೆಗಳ ಸಂಖ್ಯೆ ಮಿತಿಮೀರಿದರೆ ಕಾಡಿನ ಎಳೆಯ ಸಸಿಗಳು ಮೇವಾಗಿ ಹೋಗುತ್ತವೆ, ಬೆಳೆ ಹಾನಿಗೊಳ್ಳುತ್ತದೆ, ವಾಹನ ಅಪಘಾತಗಳು ಹೆಚ್ಚುತ್ತವೆ. ಈ ಕಾರಣದಿಂದ ಅಮೆರಿಕದ ರಾಜ್ಯಗಳು ಪರವಾನಗಿ ನೀಡಿ ಬೇಟೆಯ ಮೂಲಕ ಸಂಖ್ಯೆಯನ್ನು ನಿಯಂತ್ರಿಸುತ್ತವೆ. ಒತ್ತಡಕ್ಕೊಳಗಾದ ಪ್ರಾಣಿಗಳು ಬೇಟೆಗೆ ಅವಕಾಶವಿಲ್ಲದ ಖಾಸಗಿ ಭೂಮಿ ಅಥವಾ ಉದ್ಯಾನಗಳಲ್ಲಿ ಆಶ್ರಯ ಪಡೆದರೆ ಈ ಉದ್ದೇಶ ವಿಫಲವಾಗಬಹುದು. ಕಣ್ಣಿಗೆ ಬೀಳುವ ಜಿಂಕೆಗಳು ಕಡಿಮೆಯಾದ ಮಾತ್ರಕ್ಕೆ ಅವುಗಳ ಸಂಖ್ಯೆ ಕುಸಿದಿದೆ ಎನ್ನಲಾಗದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನ್ವಯ ಚುಕ್ಕೆ ಜಿಂಕೆ, ಕಡವೆ ಮೊದಲಾದ ಪ್ರಾಣಿಗಳ ಬೇಟೆ ನಿಷಿದ್ಧವಾಗಿದೆ.