ಪ್ರಯಾಣಿಕರ ಬಸ್ಸು ಮತ್ತು ಅದರ ರಾತ್ರಿಯ ಆರೈಕೆ

ಮಹಾರಾಷ್ಟ್ರದಲ್ಲಿ ಅಂಬಡ್ ಎಂಬ ಹೆಸರಿನ ಎರಡು ಸ್ಥಳಗಳು ಪರಿಚಿತವಾಗಿವೆ. ಒಂದು ನಾಸಿಕ್ ನಗರದ ಕೈಗಾರಿಕಾ ಪ್ರದೇಶ. ಮತ್ತೊಂದು ಮರಾಠವಾಡದ ತಾಲ್ಲೂಕು ಕೇಂದ್ರ. ಇದು 1981ರವರೆಗೆ ಔರಂಗಾಬಾದ್, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಗೆ ಸೇರಿತ್ತು, ಈಗ ಜಾಲ್ನಾ ಜಿಲ್ಲೆಯಲ್ಲಿದೆ. ಈ ಎರಡನೆಯ ಅಂಬಡ್‌ನಲ್ಲಿ ಮಹಾರಾಷ್ಟ್ರ ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ ಘಟಕವಿದೆ. ಹಗಲೆಲ್ಲ ಹಳ್ಳಿಗಳ ನಡುವೆ ಓಡಾಡಿದ ಬಸ್ಸುಗಳು ಸಂಜೆ ಇಂತಹ ಘಟಕಗಳಿಗೆ ಹಿಂತಿರುಗುತ್ತವೆ. ಮರುದಿನ ಅವು ಸುರಕ್ಷಿತವಾಗಿ ಹೊರಡುವುದೋ ಇಲ್ಲವೋ ಎಂಬುದು ಅಲ್ಲಿಯ ರಾತ್ರಿ ಪಾಳಿಯ ಕೆಲಸವನ್ನು ಅವಲಂಬಿಸಿದೆ.

ಕನ್ನಡಿಗರಿಗೆ ಈ ಪ್ರದೇಶದ ಬಸ್ ಸೇವೆ ತೀರ ಹೊರಗಿನದೇನಲ್ಲ. ನಿಜಾಮ್ ಸಂಸ್ಥಾನದ ರೈಲ್ವೆ ಇಲಾಖೆಯು 1932ರ ಜೂನ್‌ನಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನು ಆರಂಭಿಸಿದಾಗ ಮರಾಠವಾಡದಂತೆಯೇ ಬೀದರ್, ಕಲಬುರಗಿ ಮತ್ತು ರಾಯಚೂರು ಸಹ ಅದೇ ಸಂಸ್ಥಾನದಲ್ಲಿದ್ದವು. ಇತ್ತ ಮೈಸೂರು ಸರ್ಕಾರವು 1948ರ ಸೆಪ್ಟೆಂಬರ್‌ನಲ್ಲಿ 120 ಬಸ್ಸುಗಳೊಂದಿಗೆ ತನ್ನದೇ ಸಾರಿಗೆ ಇಲಾಖೆಯನ್ನು ಪ್ರಾರಂಭಿಸಿತು. ಅಂದಿನಿಂದ ಬಸ್ಸುಗಳ ಸಂಖ್ಯೆ ಹಲವು ಪಟ್ಟು ಹೆಚ್ಚಿದೆಯಾದರೂ ನಿರ್ವಹಣೆಯ ಮೂಲತತ್ತ್ವ ಬದಲಾಗಿಲ್ಲ: ಕೆಟ್ಟ ಮೇಲೆ ದುರಸ್ತಿ ಮಾಡುವುದಕ್ಕಿಂತ ಕೆಡುವುದಕ್ಕೆ ಮುಂಚೆಯೇ ನೋಡಿಕೊಳ್ಳಬೇಕು.

ಘಟಕಕ್ಕೆ ಮರಳಿದ ಚಾಲಕನು ವಾಹನದಲ್ಲಿ ಕಂಡುಬಂದ ದೋಷವನ್ನು ಬರೆದುಕೊಡಬೇಕು. ಬ್ರೇಕ್ ಒಂದು ಬದಿಗೆ ಎಳೆಯುತ್ತಿದೆ, ಸ್ಟೀರಿಂಗ್ ಸಡಿಲವಾಗಿದೆ, ಕ್ಲಚ್ ಜಾರುತ್ತಿದೆ ಎಂಬ ಒಂದು ಸಾಲಿನಿಂದಲೇ ಮೆಕ್ಯಾನಿಕ್‌ನ ಕೆಲಸ ಪ್ರಾರಂಭವಾಗುತ್ತದೆ. ಆದರೆ ಬರೆದ ದೋಷ ಸರಿಹೋಗದೆ ಮೂರು ದಿನ ಹಾಗೆಯೇ ಉಳಿದರೆ ಚಾಲಕನು ನಾಲ್ಕನೆಯ ದಿನ ಬರೆಯುವುದನ್ನೇ ಬಿಟ್ಟುಬಿಡುತ್ತಾನೆ. ಆಗ ಪುಸ್ತಕದಲ್ಲಿ ಬಸ್ಸು ನಿರ್ದೋಷಿಯಾಗಿಯೂ ರಸ್ತೆಯಲ್ಲಿ ಅಪಾಯಕಾರಿಯಾಗಿಯೂ ಇರುತ್ತದೆ. ಆದ್ದರಿಂದ ಚಾಲಕನ ಬರಹಕ್ಕೆ ಎದುರಾಗಿ ಮಾಡಿದ ಕೆಲಸವನ್ನು ನಮೂದಿಸಿ ಮೆಕ್ಯಾನಿಕ್ ಸಹಿ ಮಾಡುವುದನ್ನು ಕೇವಲ ಕಚೇರಿಯ ವಿಧಿಯೆಂದು ತಿಳಿಯಲಾಗದು.

ಬ್ರೇಕಿನ ಉದಾಹರಣೆಯನ್ನೇ ನೋಡಬಹುದು. ಇಂದಿನ ಬಸ್ಸುಗಳ ಬ್ರೇಕು ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಎಂಜಿನ್ನಿಗೆ ಜೋಡಿಸಿದ ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕಿನಲ್ಲಿ ತುಂಬುತ್ತದೆ. ಗಾಳಿಯೊಡನೆ ಬಂದ ತೇವಾಂಶವು ತಣಿದು ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ತಳದ ಕವಾಟವನ್ನು ತೆರೆದು ಅದನ್ನು ಆಗಾಗ್ಗೆ ಹೊರಬಿಡದಿದ್ದರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಕವಾಟಗಳು ಅಂಟಿಕೊಳ್ಳುತ್ತವೆ, ಗಾಳಿಗೆ ಇರುವ ಸ್ಥಳವೂ ಕಡಿಮೆಯಾಗುತ್ತದೆ. ಇದು ಕೆಲವೇ ನಿಮಿಷಗಳ, ಖರ್ಚಿಲ್ಲದ ಕೆಲಸ. ಬಹುಶಃ ಆ ಕಾರಣದಿಂದಲೇ ಮರೆತುಹೋಗುವ ಕೆಲಸವೂ ಹೌದು. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಬಸ್ಸು ಒಂದು ಸೆಕೆಂಡಿನಲ್ಲಿ 16 ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಬ್ರೇಕು ಅರ್ಧ ಸೆಕೆಂಡು ತಡವಾದರೂ ಸುಮಾರು ಎಂಟು ಮೀಟರಿನಷ್ಟು ಅಂತರ ಕೈತಪ್ಪುತ್ತದೆ.

ಘಟ್ಟದ ದಾರಿಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಸಂಭಾಜಿನಗರ ಜಿಲ್ಲೆಯಲ್ಲಿಯೇ ‘ಕನ್ನಡ’ ಎಂಬ ಊರೊಂದಿದೆ. ನಮ್ಮ ಓದುಗರಿಗೆ ಆ ಹೆಸರು ಅಚ್ಚರಿ ತಂದೀತು. ಅಲ್ಲಿಂದ ಚಾಳೀಸ್‌ಗಾಂವ್ ಕಡೆಗೆ ಹೋಗುವ ರಸ್ತೆ ಕಡಿದಾದ ಘಟ್ಟವೊಂದನ್ನು ಇಳಿಯುತ್ತದೆ. ಇಂತಹ ಇಳಿಜಾರಿನಲ್ಲಿ, ಹಾಗೆಯೇ ನಮ್ಮ ಶಿರಾಡಿ ಮತ್ತು ಚಾರ್ಮಾಡಿ ಘಟ್ಟಗಳಲ್ಲಿ, ಪದೇ ಪದೇ ಬ್ರೇಕ್ ಒತ್ತಿದರೆ ಡ್ರಮ್ ಮತ್ತು ಲೈನಿಂಗ್ ಕಾಯ್ದು ಹಿಡಿತ ಕುಗ್ಗುತ್ತದೆ. ಚಾಲಕನು ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು. ಲೈನಿಂಗ್ ಸವೆದಿಲ್ಲವೆಂಬುದನ್ನು ಘಟಕವು ಮೊದಲೇ ಖಚಿತಪಡಿಸಿಕೊಂಡಿರಬೇಕು.

ದಿನನಿತ್ಯದ ತಪಾಸಣೆಯಲ್ಲದೆ, ಓಡಿದ ಕಿಲೋಮೀಟರುಗಳ ಲೆಕ್ಕದಲ್ಲಿ ಆಯಿಲ್ ಮತ್ತು ಫಿಲ್ಟರ್ ಬದಲಾವಣೆ, ಗ್ರೀಸಿಂಗ್, ಚಕ್ರ ಬಿಚ್ಚಿ ಬೇರಿಂಗ್ ಪರೀಕ್ಷಿಸುವುದು ಮುಂತಾದ ಕೆಲಸಗಳು ಸರದಿಯಂತೆ ಬರುತ್ತವೆ. ಬಸ್ಸನ್ನು ಮಾರ್ಗದಿಂದ ಹಿಂತೆಗೆದು ಪೂರ್ಣವಾಗಿ ಪರಿಶೀಲಿಸುವ ಕ್ರಮಕ್ಕೆ ‘ಡಾಕಿಂಗ್’ ಎನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಪದ ರೂಪಿಸುವುದು ಅನುವಾದಕರಿಗೆ ಕಷ್ಟವೇನಲ್ಲ. ಆದರೆ ಘಟಕದಲ್ಲಿ ಯಾರೂ ಅದನ್ನು ಬಳಸಲಾರರು. ಜಾತ್ರೆ, ಹಬ್ಬ, ಮದುವೆಯ ದಿನಗಳಲ್ಲಿ ಬಸ್ಸು ಸಾಲದೆ ಬಂದಾಗ ಮೊದಲು ಮುಂದಕ್ಕೆ ಹೋಗುವುದು ಈ ಡಾಕಿಂಗ್ ದಿನಾಂಕವೇ. ಬಿಡಿಭಾಗ ಬಾರದಿದ್ದಾಗ ನಿಂತ ಬಸ್ಸಿನ ಭಾಗವನ್ನು ಬಿಚ್ಚಿ ಓಡುವ ಬಸ್ಸಿಗೆ ಹಾಕುವುದೂ ಉಂಟು. ಒಂದು ರಾತ್ರಿಯ ತೊಂದರೆ ಇದರಿಂದ ನಿವಾರಣೆಯಾದೀತು. ಆದರೆ ಅದು ರೂಢಿಯಾದರೆ ಒಂದು ಬಸ್ಸು ಅಂಗಳದಲ್ಲಿಯೇ ಅಸ್ಥಿಪಂಜರವಾಗುತ್ತದೆ.

ಘಟಕದಲ್ಲಿ ಆಗದ ದೊಡ್ಡ ಕೆಲಸಗಳು ಕಾರ್ಯಾಗಾರಕ್ಕೆ ಹೋಗುತ್ತವೆ. ಮಹಾರಾಷ್ಟ್ರ ನಿಗಮಕ್ಕೆ ಪುಣೆಯ ದಾಪೋಡಿ, ಸಂಭಾಜಿನಗರದ ಚಿಕಲಠಾಣಾ ಮತ್ತು ನಾಗಪುರದ ಹಿಂಗಣಾದಲ್ಲಿ ಕೇಂದ್ರ ಕಾರ್ಯಾಗಾರಗಳಿವೆ. ಕರ್ನಾಟಕದಲ್ಲಿ ಕೆಂಗೇರಿ, ಹಾಸನ, ಹುಬ್ಬಳ್ಳಿ ಮತ್ತು ಯಾದಗಿರಿಯ ಪ್ರಾದೇಶಿಕ ಕಾರ್ಯಾಗಾರಗಳು ಇಂತಹವೇ.

ನಿಂತ ಬಸ್ಸು ಕೆಡುವುದಿಲ್ಲವೆಂಬ ನಂಬಿಕೆ ತಪ್ಪು. 2020ರ ಲಾಕ್‌ಡೌನ್ ಕಾಲದಲ್ಲಿ ದೇಶದಾದ್ಯಂತ ಬಸ್ಸುಗಳು ನಿಂತವು. ಮಹಾರಾಷ್ಟ್ರದಲ್ಲಿ 2021ರ ಅಕ್ಟೋಬರ್ ಕೊನೆಯಲ್ಲಿ ಆರಂಭವಾದ ನೌಕರರ ಮುಷ್ಕರವು 2022ರ ಏಪ್ರಿಲ್‌ವರೆಗೂ ಮುಂದುವರಿದು ಬಹಳಷ್ಟು ಬಸ್ಸುಗಳು ಮತ್ತೆ ನಿಲ್ಲಬೇಕಾಯಿತು. ಹೀಗೆ ನಿಂತ ವಾಹನದಲ್ಲಿ ಬ್ಯಾಟರಿ ಬರಿದಾಗುತ್ತದೆ, ಟೈರು ಒಂದೇ ಭಾಗದ ಮೇಲೆ ಭಾರ ಹೊತ್ತು ಹಾಳಾಗುತ್ತದೆ, ಇಲಿಗಳು ವೈರುಗಳನ್ನು ಕಡಿಯುತ್ತವೆ. ಹೊರನೋಟಕ್ಕೆ ಚೆನ್ನಾಗಿದ್ದರೂ ಅದನ್ನು ಹೊಸದಾಗಿ ಪರೀಕ್ಷಿಸದೆ ಮಾರ್ಗಕ್ಕೆ ಬಿಡುವುದು ಸಲ್ಲದು.

2020ರ ಏಪ್ರಿಲ್ 1ರಿಂದ ಜಾರಿಯಾದ ಭಾರತ್ ಸ್ಟೇಜ್-6 ಮಾನಕದ ವಾಹನಗಳಲ್ಲಿ ಸಂವೇದಕಗಳು ಮತ್ತು ಹೊಗೆ ಶುದ್ಧೀಕರಣದ ಉಪಕರಣಗಳಿವೆ. ಸ್ಪ್ಯಾನರಿನ ಜೊತೆಗೆ ಸ್ಕ್ಯಾನರನ್ನೂ ಬಳಸಲು ಕಲಿಯದೆ ಇವುಗಳ ದೋಷ ಪತ್ತೆಯಾಗದು. ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸದಿರುವ ನಿಯಮವು 2023ರ ಏಪ್ರಿಲ್ 1ರಿಂದ ಸಾರಿಗೆ ನಿಗಮಗಳ ಬಸ್ಸುಗಳಿಗೂ ಅನ್ವಯಿಸುತ್ತದೆ.

ತುರ್ತು ನಿರ್ಗಮನ ದ್ವಾರದ ನಿರ್ವಹಣೆ ಮಾತ್ರ ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದು. 2022ರ ಅಕ್ಟೋಬರ್ 8ರ ನಸುಕಿನಲ್ಲಿ ನಾಸಿಕ್–ಔರಂಗಾಬಾದ್ ರಸ್ತೆಯಲ್ಲಿ ಖಾಸಗಿ ಬಸ್ಸೊಂದು ಟ್ರಕ್ಕಿಗೆ ಡಿಕ್ಕಿಯಾಗಿ ಹೊತ್ತಿಕೊಂಡಿತು. 12 ಮಂದಿ ಪ್ರಾಣ ಕಳೆದುಕೊಂಡರು. ಅಂತಹ ಸಮಯದಲ್ಲಿ ಹೊರಬರಲು ಸಿಗುವುದು ಕೆಲವೇ ಕ್ಷಣಗಳು. ಬಣ್ಣ ಬಳಿದು ಅಂಟಿಕೊಂಡ ಚಿಲಕ, ತುಕ್ಕು ಹಿಡಿದ ಕೀಲು, ಗಾಜು ಒಡೆಯುವ ಸುತ್ತಿಗೆಯಿಲ್ಲದ ಖಾಲಿ ಕೊಕ್ಕೆ, ಅವಧಿ ಮುಗಿದ ಅಗ್ನಿಶಾಮಕ ಸಾಧನ, ಇವೆಲ್ಲ ಅಪಘಾತದ ದಿನವಷ್ಟೇ ಬೆಳಕಿಗೆ ಬರುವ ದೋಷಗಳು. ತಪಾಸಣೆಯ ವೇಳೆ ಆ ಬಾಗಿಲನ್ನು ಒಮ್ಮೆ ಪೂರ್ತಿ ತೆರೆದು ಮುಚ್ಚಿ ನೋಡಬೇಕು. ಪ್ರಯಾಣಿಕರು ಅದರ ಮುಂದೆ ಮೂಟೆಗಳನ್ನಿಡಬಾರದು. ಬಾಗಿಲು ತೆರೆಯದಿರುವುದು ಕಂಡುಬಂದಲ್ಲಿ ಬಸ್ಸಿನ ನೋಂದಣಿ ಸಂಖ್ಯೆಯೊಡನೆ ನಿರ್ವಾಹಕರಿಗೆ ಅಥವಾ ಘಟಕದ ವ್ಯವಸ್ಥಾಪಕರಿಗೆ ತಿಳಿಸಬಹುದು.