ನಾದವು ಸದ್ದಾಗುವುದು ಹೇಗೆ?

ನಾದಕ್ಕೂ ಸದ್ದಿಗೂ ಇರುವ ಭೇದವನ್ನು ವಿದ್ಯಾರ್ಥಿಗಳು ಭೌತಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಕಲಿಯುತ್ತಾರೆ. ಕ್ರಮಬದ್ಧವಾದ ಕಂಪನಗಳಿಂದ ಹುಟ್ಟುವುದು ನಾದ. ಕ್ರಮವಿಲ್ಲದ ಕಂಪನಗಳಿಂದ ಹುಟ್ಟುವುದು ಸದ್ದು. ವೀಣೆಯ ತಂತಿ ಮೊದಲನೆಯದಕ್ಕೂ, ತಗಡಿನ ಮಾಡಿನ ಮೇಲೆ ಸುರಿಯುವ ಆಷಾಢದ ಮಳೆ ಎರಡನೆಯದಕ್ಕೂ ಉದಾಹರಣೆ. ಈ ವ್ಯಾಖ್ಯೆಯೇನೂ ತಪ್ಪಲ್ಲ. ಮೃದಂಗದ ನಾದವು ಸಾಮಾನ್ಯ ಚರ್ಮವಾದ್ಯಗಳ ಸದ್ದಿಗಿಂತ ಏಕೆ ಭಿನ್ನವೆಂಬುದನ್ನು 1920ರಲ್ಲಿ ಸಿ. ವಿ. ರಾಮನ್ ಅವರು ವಿವರಿಸಿದುದೂ ಕಂಪನಗಳ ಕ್ರಮದ ಆಧಾರದಿಂದಲೇ. ಆದರೆ ಈ ವ್ಯಾಖ್ಯೆಯಲ್ಲಿ ಕೇಳುವವನಿಗೆ ಸ್ಥಾನವಿಲ್ಲ. ಅವನನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಅತ್ಯಂತ ಕ್ರಮಬದ್ಧವಾದ ನಾದವೂ ಸದ್ದಾಗಬಲ್ಲದು. ವೃದ್ಧಾಶ್ರಮಗಳಲ್ಲಿ ಇದು ದಿನನಿತ್ಯವೂ ನಡೆಯಬಹುದಾದ ಸಂಗತಿ.

ಬೆಳ್ತಂಗಡಿ ತಾಲ್ಲೂಕಿನ ಮುಂಡಾಜೆಯಂಥ ಊರನ್ನೇ ತೆಗೆದುಕೊಳ್ಳೋಣ. ಚಾರ್ಮಾಡಿ ಘಾಟಿಯ ಕೆಳಗೆ, ಅಡಕೆಯ ತೋಟಗಳ ನಡುವೆ ಇರುವ ಊರು. ಮಕ್ಕಳು ಓದಿ ಬೆಂಗಳೂರಿಗೋ ಪರದೇಶಕ್ಕೋ ಹೋದ ಮೇಲೆ ಮನೆಯಲ್ಲಿ ಹಿರಿಯರಿಬ್ಬರೇ ಉಳಿಯುತ್ತಾರೆ, ಕೊನೆಗೆ ಒಬ್ಬರೇ. 2011ರ ಜನಗಣತಿಯಂತೆ ಭಾರತದಲ್ಲಿ ಅರುವತ್ತು ವರ್ಷ ಮುಟ್ಟಿದವರ ಮತ್ತು ದಾಟಿದವರ ಸಂಖ್ಯೆ 10 ಕೋಟಿಗೂ ಹೆಚ್ಚು. ಅವರಲ್ಲಿ ಒಬ್ಬರು, ಎಂಬತ್ತು ವರ್ಷದ ಅಜ್ಜಿ, ವೃದ್ಧಾಶ್ರಮವೊಂದರಲ್ಲಿ ಇದ್ದಾರೆಂದು ಭಾವಿಸೋಣ. ಬೆಳಗಿನ ಹೊತ್ತು. ಚಾವಡಿಯ ನೆಲ ಒರೆಸುವ ಯುವತಿ ತನ್ನ ಮೊಬೈಲಿನಿಂದ ಚಲನಚಿತ್ರಗೀತೆಯೊಂದನ್ನು ಹಾಕಿದ್ದಾಳೆ. ಹಾಡು ಚೆನ್ನಾಗಿದೆ, ಅವಳಿಗೆ ಕೆಲಸದ ದಣಿವು ತಿಳಿಯುತ್ತಿಲ್ಲ. ಅದೇ ವೇಳೆಗೆ ಇನ್ನೊಬ್ಬಾಕೆ ಬಾಗಿಲಲ್ಲಿ ನಿಂತು, ಯಾವ ಮಾತ್ರೆ ಈಗ, ಯಾವುದು ರಾತ್ರಿ ಎಂದು ಅಜ್ಜಿಗೆ ಹೇಳುತ್ತಾಳೆ. ಅಜ್ಜಿಗೆ ಧ್ವನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಮೂರನೆಯ ಸಲ ಕೇಳಲು ಸಂಕೋಚಪಟ್ಟು ಅವರು ತಲೆಯಾಡಿಸುತ್ತಾರೆ. ಸಂಜೆ ಮಾತ್ರೆ ತಪ್ಪಿದುದು ತಿಳಿದಾಗ ಎಲ್ಲರೂ ಹೇಳುವುದು ಒಂದೇ: ಅಜ್ಜಿಗೆ ಅರಳುಮರುಳು!

ತಪ್ಪು ಅಜ್ಜಿಯ ಬುದ್ಧಿಯದಲ್ಲ. ಅದು ಎಲ್ಲಿದೆಯೆಂಬುದನ್ನು ಪರಿಶೀಲಿಸೋಣ.

ವೃದ್ಧರ ಕಿವಿ

ಒಳಗಿವಿಯಲ್ಲಿ ಕಾಕ್ಲಿಯ ಎಂಬ ಶಂಖಾಕೃತಿಯ ನಾಳವಿದೆ. ಅದರೊಳಗಿನ ಸುಮಾರು 15,000 ರೋಮಕೋಶಗಳ ನೆರವಿನಿಂದ ಶಬ್ದದ ಕಂಪನಗಳು ನರಗಳ ಸಂಕೇತಗಳಾಗಿ ಮಾರ್ಪಡುತ್ತವೆ. ಶಂಖದ ಬುಡದಲ್ಲಿರುವ ಕೋಶಗಳು ತಾರಸ್ವರಗಳನ್ನೂ, ತುದಿಯಲ್ಲಿರುವವು ಮಂದ್ರಸ್ವರಗಳನ್ನೂ ಗ್ರಹಿಸುತ್ತವೆ. ಮನುಷ್ಯನಲ್ಲಿ ಒಮ್ಮೆ ನಾಶವಾದ ರೋಮಕೋಶಗಳು ಮರಳಿ ಬೆಳೆಯುವುದಿಲ್ಲ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಸವೆಯುವುದು ಬುಡದ ಭಾಗ. ಎಳೆಯ ಕಿವಿ 20ರಿಂದ 20,000 ಹರ್ಟ್ಸ್‌ವರೆಗಿನ ಶಬ್ದಗಳನ್ನು ಕೇಳಬಲ್ಲದಾದರೆ, ವೃದ್ಧರಲ್ಲಿ ಮೇಲಿನ ಮಿತಿಯು ಬಹಳ ಕೆಳಕ್ಕೆ ಇಳಿದಿರುತ್ತದೆ. ಅರುವತ್ತು ದಾಟಿದವರಲ್ಲಿ ನೂರಕ್ಕೆ 25ಕ್ಕಿಂತ ಹೆಚ್ಚು ಮಂದಿಗೆ ಬಾಳಿಗೆ ಅಡ್ಡಿಯಾಗುವಷ್ಟು ಶ್ರವಣದೋಷವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ತಾರಸ್ವರಗಳು ಹೋದರೆ ಹೋಗಲಿ, ಮಾತು ಕೇಳಿಸಿದರೆ ಸಾಲದೇ ಎಂದು ವಾಚಕರು ಕೇಳಬಹುದು. ತೊಡಕಿರುವುದು ಇಲ್ಲಿಯೇ. ಮಾತಿನ ಶಕ್ತಿಯ ಬಹುಭಾಗ ಸ್ವರಾಕ್ಷರಗಳಲ್ಲಿದೆ. ಅವು ಮುಖ್ಯವಾಗಿ ಕೆಳಗಿನ ಕಂಪನಗಳು. ಆದರೆ ಸ, ಶ, ಚ, ತ, ಕ ಮೊದಲಾದ ವ್ಯಂಜನಗಳ ಗುರುತು 2,000 ಹರ್ಟ್ಸ್‌ನ ಆಸುಪಾಸಿನಲ್ಲೂ ಅದರ ಮೇಲೂ ಇರುತ್ತದೆ, ಮತ್ತು ಅವು ಬಹಳ ಕ್ಷೀಣ. ‘ಹಾಸು’ ಎಂಬುದಕ್ಕೂ ‘ಹಾಕು’ ಎಂಬುದಕ್ಕೂ ಒಂದೇ ವ್ಯಂಜನದ ವ್ಯತ್ಯಾಸ. ಅದು ಅಳಿಸಿಹೋದರೆ ಧ್ವನಿ ಉಳಿಯುತ್ತದೆ, ಅರ್ಥ ಹೋಗುತ್ತದೆ.

ಇದರ ಮೇಲೆ ಹಾಡು ಬಂದು ಕೂಡುತ್ತದೆ. ಒಂದು ಶಬ್ದವು ಇನ್ನೊಂದನ್ನು ಕೇಳಿಸದಂತೆ ಮಾಡುವುದಕ್ಕೆ ಆಚ್ಛಾದನೆಯೆನ್ನುತ್ತೇವೆ. ಗಟ್ಟಿಯಾದ ಮಂದ್ರಶಬ್ದವು ತನಗಿಂತ ಮೇಲಿನ ತಾರಶಬ್ದವನ್ನು ಸುಲಭವಾಗಿ ಮರೆಮಾಡುತ್ತದೆ. ತಾರಶಬ್ದವು ಮಂದ್ರವನ್ನು ಅಷ್ಟಾಗಿ ಮರೆಮಾಡಲಾರದು. ವೆಗೆಲ್ ಮತ್ತು ಲೇನ್ ಎಂಬ ವಿಜ್ಞಾನಿಗಳು 1924ರಲ್ಲಿಯೇ ಇದನ್ನು ಪ್ರಕಟಿಸಿದರು. ಆದುದರಿಂದ ದೊಡ್ಡ ಧ್ವನಿಪೆಟ್ಟಿಗೆಯಿಂದ ಬರುವ ತಾಳದ ‘ಧಂ ಧಂ’ ಎಂಬ ಪೆಟ್ಟು, ಮೊದಲೇ ಕ್ಷೀಣವಾದ ವ್ಯಂಜನಗಳನ್ನು ಪೂರ್ತಿಯಾಗಿ ನುಂಗಿಬಿಡುತ್ತದೆ.

ಹಾಗಾದರೆ ಕೂಗಿ ಹೇಳಿದರಾಯಿತು ಎನ್ನುವಂತಿಲ್ಲ. ರೋಮಕೋಶಗಳು ಸವೆದ ಕಿವಿಗೆ ಮೆಲುದನಿ ಕೇಳುವುದಿಲ್ಲ. ಆದರೆ ಗಟ್ಟಿದನಿ ನಮಗೆಷ್ಟು ಗಟ್ಟಿಯೋ ಅದಕ್ಕೂ ಅಷ್ಟೇ ಗಟ್ಟಿ. ಕೇಳಿಸದಿರುವುದಕ್ಕೂ ಸಹಿಸಲಾಗದಿರುವುದಕ್ಕೂ ನಡುವಿನ ಅಂತರ ಕಿರಿದಾಗಿರುತ್ತದೆ. ‘ಕೇಳಿಸುವುದಿಲ್ಲ’ ಎಂದ ಅಜ್ಜಿಯೇ ಮರುಗಳಿಗೆಯಲ್ಲಿ ‘ಯಾಕೆ ಕಿರಿಚುತ್ತೀ’ ಎಂದರೆ ಅದು ಹಟವಲ್ಲ, ಶರೀರಶಾಸ್ತ್ರ. ಶ್ರವಣಯಂತ್ರವೂ ಮಾತಿನೊಡನೆ ಹಾಡನ್ನು ಸ್ವಲ್ಪಮಟ್ಟಿಗಾದರೂ ಹಿಗ್ಗಿಸಿಯೇ ತೀರುತ್ತದೆ.

ಹಾಡು ಯಾರದು?

ಶಬ್ದದ ಪ್ರಮಾಣವನ್ನು ತಗ್ಗಿಸಿದೊಡನೆ ಸಮಸ್ಯೆ ಮುಗಿಯಿತೇ? ಇಲ್ಲ. ಮನುಷ್ಯನ ಮನಸ್ಸಿನಲ್ಲಿ ಆಳವಾಗಿ ನಿಲ್ಲುವುದು ಸಾಮಾನ್ಯವಾಗಿ ಅವನು ಹರೆಯದಲ್ಲಿ ಕೇಳಿದ ಸಂಗೀತ. ತಾಳಮದ್ದಳೆ, ಬಯಲಾಟಗಳಲ್ಲಿ ರಾತ್ರಿ ಕಳೆದು ಬೆಳೆದ ಹಿರಿಯರಿಗೆ ಭಾಗವತರ ಪದವೂ ಚೆಂಡೆಯ ಪೆಟ್ಟೂ ನೆಮ್ಮದಿ ತರಬಹುದು. ಪಕ್ಕದ ಮಂಚದಲ್ಲಿರುವ, ಬೇರೆ ಸೀಮೆಯಿಂದ ಬಂದ ಹಿರಿಯರಿಗೆ ಅದೇ ಚೆಂಡೆ ತಲೆನೋವು. ಮತ್ತೊಬ್ಬರಿಗೆ ಬೇಕಾದುದು ಭಜನೆ. ಇನ್ನೊಬ್ಬರಿಗೆ ಬೇಕಾದುದು ಮೌನ. ‘ವೃದ್ಧರಿಗೆ ಹಿತವಾದ ಸಂಗೀತ’ವೆಂಬ ಒಂದೇ ಮದ್ದು ಇಲ್ಲ.

ಇದಕ್ಕೆ ಪ್ರಯೋಗದ ಆಧಾರವೂ ಉಂಟು. ಅಮೆರಿಕದ ಅಯೋವಾ ಸಂಸ್ಥಾನದ 6 ಆರೈಕೆಮನೆಗಳಲ್ಲಿದ್ದ, ಮರೆವಿನ ಕಾಯಿಲೆಯ 39 ವೃದ್ಧರ ಮೇಲೆ ಲಿಂಡಾ ಗರ್ಡ್‌ನರ್ ಎಂಬ ವಿದುಷಿ ನಡೆಸಿದ ಪ್ರಯೋಗದ ಫಲ 2000ದಲ್ಲಿ ಪ್ರಕಟವಾಯಿತು. ಮನಸ್ಸನ್ನು ಶಾಂತಗೊಳಿಸುವುದೆಂದು ಸಾಮಾನ್ಯವಾಗಿ ಹೇಳುವ ಶಾಸ್ತ್ರೀಯ ಸಂಗೀತಕ್ಕಿಂತ, ಆಯಾ ವ್ಯಕ್ತಿಗೆ ಮೊದಲಿನಿಂದ ಪ್ರಿಯವಾಗಿದ್ದ ಸಂಗೀತವನ್ನು ಕೇಳಿಸಿದಾಗ ಅವರ ತಳಮಳ ಹೆಚ್ಚಾಗಿ ತಗ್ಗಿತು.

ಗುಂಡಿ ಯಾರ ಕೈಯಲ್ಲಿ?

ಇನ್ನೊಂದು ಪ್ರಯೋಗವು ಇದಕ್ಕಿಂತಲೂ ಸ್ವಾರಸ್ಯಕರವಾಗಿದೆ. ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬವರು ಕೆಲವರಿಗೆ ಕರ್ಕಶವಾದ ಸದ್ದನ್ನು ಕೇಳಿಸಿದರು. ಒಂದು ಗುಂಪಿನವರಿಗೆ ಅದನ್ನು ನಿಲ್ಲಿಸುವ ಗುಂಡಿಯನ್ನು ಕೊಟ್ಟು, ಸಾಧ್ಯವಾದರೆ ಒತ್ತಬೇಡಿರೆಂದು ಹೇಳಿದರು. ಸದ್ದು ಎರಡು ಗುಂಪಿಗೂ ಒಂದೇ. ಆದರೂ ಆ ಬಳಿಕ ಕೊಟ್ಟ ಕೆಲಸಗಳಲ್ಲಿ, ಗುಂಡಿಯಿದ್ದವರು ಇಲ್ಲದವರಿಗಿಂತ ಕಡಿಮೆ ತಪ್ಪು ಮಾಡಿದರು. ಕಠಿಣವಾದ ಒಗಟುಗಳನ್ನು ಹೆಚ್ಚು ಹೊತ್ತು ಪ್ರಯತ್ನಿಸಿದರು. 1972ರಲ್ಲಿ ಅವರು ಈ ಸಂಶೋಧನೆಗಳನ್ನು ಗ್ರಂಥರೂಪದಲ್ಲಿ ಹೊರತಂದರು. ಬೇಕಾದರೆ ನಿಲ್ಲಿಸಬಲ್ಲೆನೆಂಬ ಅರಿವೇ ಸದ್ದಿನ ಹಾನಿಯನ್ನು ಕುಗ್ಗಿಸಿತು. ಮಂಚದಿಂದ ಏಳಲಾರದ ಅಜ್ಜಿಯ ಕೈಗೆ ಎಟಕದಿರುವುದು ಈ ಗುಂಡಿಯೇ. ಚಾವಡಿಯ ಹಾಡು ಅವರಿಗೆ ಸದ್ದಾಗುವುದಕ್ಕೆ ಇದೂ ಒಂದು ಪ್ರಬಲ ಕಾರಣ.

ಇಲ್ಲಿ ಆ ಯುವತಿಯನ್ನು ದೂಷಿಸುವುದು ನ್ಯಾಯವಲ್ಲ. ಅವಳ ಕೆಲಸ ಶ್ರಮದ್ದು. ಹಾಡು ಅವಳಿಗೆ ಆಸರೆ. ಅವಳ ಕಿವಿಗೆ ಹಾಡೂ ಮಾತೂ ಬೇರೆಬೇರೆಯಾಗಿ ಕೇಳಿಸುವುದರಿಂದ, ಅಜ್ಜಿಗೆ ಹಾಗಲ್ಲವೆಂಬುದು ತಾನಾಗಿ ಅವಳಿಗೆ ತೋಚುವುದಿಲ್ಲ. ಅವಳು ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡರೂ ತೊಂದರೆಯೇ. ಅಜ್ಜಿ ಕರೆದರೆ ಕೇಳಿಸದು. ಆದುದರಿಂದ ಹಾಡಿಗೆ ಹೊತ್ತನ್ನೂ ಸ್ಥಳವನ್ನೂ ಗೊತ್ತುಮಾಡುವುದೇ ಸರಿಯಾದ ದಾರಿ: ಸಿಬ್ಬಂದಿಯ ಹಾಡು ಅವರ ವಿಶ್ರಾಂತಿಯ ಕೋಣೆಯಲ್ಲಿ, ಹಿರಿಯರ ಹಾಡು ಅವರನ್ನು ಕೇಳಿ, ಅವರು ಹೇಳಿದಷ್ಟು ಹೊತ್ತು, ಊಟ, ಔಷಧ, ಮಾತುಕತೆಗಳ ವೇಳೆಯಲ್ಲಿ ಯಾವ ಹಾಡೂ ಇಲ್ಲ.

ಭೌತಶಾಸ್ತ್ರವೂ ಕಾಸಿನ ಖರ್ಚಿಲ್ಲದ ಒಂದು ಉಪಾಯವನ್ನು ಹೇಳುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ 10ಕ್ಕೂ ಶಬ್ದದ ತೀವ್ರತೆ 10 ಮಡಿಯಾಗುತ್ತದೆ. ಮಾತನಾಡುವವರು 2 ಮೀಟರಿನಿಂದ 1 ಮೀಟರಿಗೆ ಬಂದರೆ, ಅವರಿಂದ ನೇರವಾಗಿ ಬರುವ ಶಬ್ದದ ತೀವ್ರತೆ 4 ಮಡಿಯಾಗುತ್ತದೆ, ಅಂದರೆ ಸುಮಾರು 6 ಡೆಸಿಬೆಲ್ ಏರುತ್ತದೆ. ನುಣುಪಾದ ನೆಲ, ಬರಿಯ ಗೋಡೆಗಳಿರುವ ಚಾವಡಿಯಲ್ಲಿ ಮೂಲೆಯ ಹಾಡು ಪ್ರತಿಫಲಿಸಿ ಎಲ್ಲೆಡೆಯೂ ತುಂಬಿರುತ್ತದೆ. ಬಳಿಗೆ ಬಂದವರ ಮಾತು ಮಾತ್ರ ಅದನ್ನು ಮೀರಿ ನಿಲ್ಲುತ್ತದೆ. ಎದುರು ಕುಳಿತರೆ ತುಟಿಗಳ ಚಲನೆಯೂ ಕಾಣಿಸಿ, ಕಿವಿ ಕಳೆದುಕೊಂಡ ವ್ಯಂಜನಗಳಲ್ಲಿ ಕೆಲವನ್ನು ಕಣ್ಣು ತುಂಬಿಕೊಡುತ್ತದೆ.

ವಿದ್ಯಾರ್ಥಿಗಳು ಇದನ್ನು ತಮ್ಮ ಮನೆಯಲ್ಲಿಯೇ ಪರೀಕ್ಷಿಸಬಹುದು. ರೇಡಿಯೋ ಹಾಡುತ್ತಿರುವಾಗ ಅಜ್ಜನಿಗೋ ಅಜ್ಜಿಗೋ ಹತ್ತು ಪದಗಳನ್ನು ದೂರದಿಂದ ಹೇಳಿ, ಎಷ್ಟು ಸರಿಯಾಗಿ ಕೇಳಿಸಿತೆಂದು ಬರೆದಿಡಿ. ಅನಂತರ ರೇಡಿಯೋ ನಿಲ್ಲಿಸಿ, ಎದುರು ಕುಳಿತು, ಬೇರೆ ಹತ್ತು ಪದಗಳನ್ನು ಹೇಳಿ. ಎರಡು ಲೆಕ್ಕಗಳನ್ನೂ ಹೋಲಿಸಿ ನೋಡಿ. ಪ್ರಯೋಗ ಮುಗಿದ ಮೇಲೆ, ಯಾವ ಹಾಡು ಬೇಕೆಂದು ಅವರನ್ನೇ ಕೇಳಿ, ಗುಂಡಿಯನ್ನು ಅವರ ಕೈಗೆ ಕೊಡುವುದನ್ನು ಮಾತ್ರ ಮರೆಯಬೇಡಿ.