ಮನೆ ಊಟದ ಸಂದಿಯಲ್ಲಿ ನುಸುಳಿದ ಪೊಟ್ಟಣ

‘ನಮ್ಮದು ಮನೆ ಊಟ ಸಾರ್, ಹೊರಗೆ ತಿನ್ನೋದು ಕಡಿಮೆ.’ ರಕ್ತದಲ್ಲಿ ಸಕ್ಕರೆ ಏರಿದೆ ಎಂಬ ವರದಿ ಕೈಗೆ ಬಂದಾಗ ಬಹಳ ಮಂದಿ ಆಡುವ ಮಾತಿದು. ಅದು ಸುಳ್ಳೂ ಅಲ್ಲ. ಬೆಳಗ್ಗೆ ಉಪ್ಪಿಟ್ಟೋ ಚಿತ್ರಾನ್ನವೋ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮುದ್ದೆ ಇಲ್ಲವೇ ಚಪಾತಿ. ಆದರೆ ಆ ಮೂರು ಹೊತ್ತಿನ ನಡುವೆ ಹೊಟ್ಟೆಗೆ ಹೋಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎದ್ದ ಕೂಡಲೇ ಚಹಾದ ಜೊತೆ ಬಿಸ್ಕತ್ತು ಅಥವಾ ರಸ್ಕು, ಮಗುವಿನ ಹಾಲಿಗೆ ಎರಡು ಚಮಚ ಚಾಕೊಲೇಟ್ ಪುಡಿ, ಹನ್ನೊಂದು ಗಂಟೆಗೆ ಮತ್ತೆ ಬಿಸ್ಕತ್ತು, ಶಾಲೆ ಬಿಟ್ಟು ಬಂದವರಿಗೆ ನೂಡಲ್ಸ್, ಸಂಜೆ ಟಿ.ವಿ. ಮುಂದೆ ಒಂದು ಕುರುಕಲು ಪೊಟ್ಟಣ. ಊಟ ಮನೆಯದೇ, ನಡುನಡುವಿನ ತಿನಿಸೆಲ್ಲ ಕಾರ್ಖಾನೆಯದು. ಪಿಜ್ಜಾ, ಬರ್ಗರ್ ಮುಟ್ಟದ ಮನೆಯಲ್ಲೂ ಈ ಪಟ್ಟಿ ಹೆಚ್ಚೂಕಡಿಮೆ ಹೀಗೇ ಇರುತ್ತದೆ.

ಸಂಸ್ಕರಿಸಿದ್ದೆಲ್ಲ ಕೆಟ್ಟದ್ದು ಎಂದು ಇಲ್ಲಿ ಹೇಳುತ್ತಿಲ್ಲ. ಅವಲಕ್ಕಿ ಕುಟ್ಟುವುದು, ಹಾಲಿಗೆ ಹೆಪ್ಪು ಹಾಕುವುದು, ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುವುದು ಎಲ್ಲವೂ ಸಂಸ್ಕರಣೆಯೇ. ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ 2009ರಲ್ಲಿ ಎತ್ತಿದ ಪ್ರಶ್ನೆ ಬೇರೆ: ಆಹಾರವನ್ನು ಯಾರು, ಏತಕ್ಕಾಗಿ, ಎಷ್ಟರ ಮಟ್ಟಿಗೆ ಬದಲಿಸಿದ್ದಾರೆ? ಮುಂದೆ ‘ನೋವಾ’ ಎಂದು ಹೆಸರಾದ ಅವರ ವರ್ಗೀಕರಣದ ನಾಲ್ಕನೆಯ ಗುಂಪೇ ಅತಿಸಂಸ್ಕರಿತ ಆಹಾರ. ಇದನ್ನು ಗುರುತಿಸಲು ಪ್ರಯೋಗಾಲಯ ಬೇಡ. ನಿಮ್ಮ ಅಡುಗೆಮನೆಯಲ್ಲಿ ಎಂದೂ ಇರದ ಪದಾರ್ಥಗಳು, ಅಂದರೆ ಎಮಲ್ಸಿಫೈಯರ್, ಕೃತಕ ಸುವಾಸನೆ, ಮಾಲ್ಟೋಡೆಕ್ಸ್ಟ್ರಿನ್ ಇತ್ಯಾದಿ, ಪೊಟ್ಟಣದ ಹಿಂದೆ ಕಂಡರೆ ಅದು ಬಹುಪಾಲು ಈ ಗುಂಪಿನದೇ.

ಮುಂದೆ ರಾಗಿ ತೆನೆಯ ಚಿತ್ರವಿರುವ ಬಿಸ್ಕತ್ತಿನ ಪೊಟ್ಟಣವನ್ನು ಒಮ್ಮೆ ತಿರುಗಿಸಿ ನೋಡಿ. ಯಾವುದರ ತೂಕ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಇಂಥ ಎಷ್ಟೋ ಪೊಟ್ಟಣಗಳಲ್ಲಿ ಮೊದಲು ಬರುವುದು ಮೈದಾ, ಆಮೇಲೆ ಸಕ್ಕರೆ, ತಾಳೆ ಎಣ್ಣೆ. ರಾಗಿಯ ಸರದಿ ಅದಾದ ಮೇಲೆ. ನೂಡಲ್ಸ್‌ನದು ಉಪ್ಪಿನ ಕಥೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪು, ಎಂದರೆ ಸುಮಾರು 2,000 ಮಿಲಿಗ್ರಾಂ ಸೋಡಿಯಂ, ಮಿತಿ. ಮಸಾಲೆ ಸೇರಿಸಿ ಬೇಯಿಸಿದ ಒಂದು ಸಣ್ಣ ಪೊಟ್ಟಣದ ನೂಡಲ್ಸ್‌ನಲ್ಲೇ ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇರುವುದುಂಟು. ತಿನ್ನುವುದು ಮಗು ಎಂಬುದನ್ನು ಮರೆಯಬಾರದು.

ಸಕ್ಕರೆ, ಉಪ್ಪು, ಎಣ್ಣೆ ಮನೆ ಅಡುಗೆಯಲ್ಲೂ ಇಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಇದಕ್ಕೆ ಉತ್ತರ ಹುಡುಕಲು 20 ಮಂದಿಯನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಎರಡು ವಾರ ಅತಿಸಂಸ್ಕರಿತ ಆಹಾರ, ಇನ್ನೆರಡು ವಾರ ಸಾದಾ ಅಡುಗೆ. ಬಡಿಸಿದ ಊಟಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡೂ ಕಡೆ ಸರಿಸಮ ಇರುವಂತೆ ನೋಡಿಕೊಂಡರು. ಬೇಕಾದಷ್ಟು ತಿನ್ನಿ, ಸಾಕೆನಿಸಿದಾಗ ಬಿಡಿ ಎಂದರು. 2019ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡೇ ವಾರದಲ್ಲಿ ಸರಾಸರಿ 0.9 ಕಿಲೋ ತೂಕ ಏರಿತು, ಸಾದಾ ಅಡುಗೆಯಲ್ಲಿ ಅಷ್ಟೇ ಇಳಿಯಿತು. ಅತಿಸಂಸ್ಕರಿತ ಆಹಾರವನ್ನು ಅವರು ಬೇಗ ಬೇಗ ತಿಂದು ಮುಗಿಸುತ್ತಿದ್ದರು. ‘ಸಾಕು’ ಎಂದು ಹೊಟ್ಟೆ ಹೇಳುವಷ್ಟರಲ್ಲಿ ತಟ್ಟೆ ಖಾಲಿ. ಒಂದೇ ಬಿಸ್ಕತ್ತು ತಿಂದು ಪೊಟ್ಟಣ ಮುಚ್ಚಿಡಲಾಗದ ಮಗುವನ್ನು ‘ಆಸೆಬುರುಕ’ ಎಂದು ಬೈಯುವ ಮುನ್ನ ಇದನ್ನು ನೆನೆಯಬೇಕು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯೂ ಅತಿಸಂಸ್ಕರಿತ ಆಹಾರ ಕಡಿಮೆ ಮಾಡಿ ಎನ್ನುತ್ತದೆ. ದೇಶದ ರೋಗಭಾರದಲ್ಲಿ ಶೇ 56.4ರಷ್ಟಕ್ಕೆ ಅನಾರೋಗ್ಯಕರ ಆಹಾರಕ್ರಮ ಕಾರಣ ಎಂಬ ಅಂದಾಜೂ ಅದರಲ್ಲಿದೆ.

ಇಷ್ಟು ಓದಿ ಅಮ್ಮಂದಿರ ಮೇಲೆ ಗೂಬೆ ಕೂರಿಸಬೇಡಿ. ಬೆಂಗಳೂರಿನ ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಸ್ಸಿನಲ್ಲಿ ನಿಂತೇ ಮನೆ ಸೇರುವ ಹೆಣ್ಣುಮಗಳಿಗೆ, ಹಸಿದ ಮಗುವಿಗಾಗಿ ಶೇಂಗಾ ಬೇಯಿಸಿ, ಮಂಡಕ್ಕಿಗೆ ಒಗ್ಗರಣೆ ಹಾಕಿ ಎನ್ನುವುದು ಸುಲಭ. ಅವಳ ಬೀದಿಯ ತುದಿಯ ಅಂಗಡಿಯಲ್ಲಿ ತೋರಣದಂತೆ ತೂಗುವ ಐದು ರೂಪಾಯಿ ಪೊಟ್ಟಣಕ್ಕೆ ಬೆಂಕಿಯೂ ಬೇಡ, ಹೊತ್ತೂ ಬೇಡ. ಹೊಣೆ ಕೇಳಬೇಕಾದದ್ದು ಪೊಟ್ಟಣ ಮಾಡುವವರನ್ನು, ಅವರಿಗೆ ನಿಯಮ ರೂಪಿಸುವವರನ್ನು. ಸಕ್ಕರೆ, ಉಪ್ಪು ಮಿತಿಮೀರಿದ ಆಹಾರದ ಪೊಟ್ಟಣಗಳ ಮೇಲೆ ಚಿಲಿ ದೇಶ 2016ರಲ್ಲೇ ಕಪ್ಪು ಎಚ್ಚರಿಕೆ ಚಿಹ್ನೆ ಹಾಕಿಸಿತು. ನಮ್ಮಲ್ಲಿ 2022ರಲ್ಲಿ ಪೊಟ್ಟಣಗಳಿಗೆ ಗುಣಕ್ಕೆ ತಕ್ಕಂತೆ ನಕ್ಷತ್ರ ಕೊಡುವ ಕರಡು ನಿಯಮ ಬಂತು, ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಇತ್ತ 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ, ನೂಡಲ್ಸ್‌ನದು 12ರಿಂದ 5ಕ್ಕೆ ಇಳಿಯಿತು. ಅದೇ ದಿನ ಸಕ್ಕರೆ ಬೆರೆಸಿದ ತಂಪು ಪಾನೀಯಕ್ಕೆ ಶೇ 40 ತೆರಿಗೆ ಬಿತ್ತು. ಬಾಟಲಿಯೊಳಗಿನ ಸಕ್ಕರೆಗೆ ಇರುವ ಕಟ್ಟುನಿಟ್ಟು ಕ್ರೀಮ್ ಬಿಸ್ಕತ್ತಿನ ಸಕ್ಕರೆಗೆ ಏಕಿಲ್ಲ ಎಂದು ನಮ್ಮ ಸಂಸದರನ್ನು ಕೇಳುವ ಹಕ್ಕು ಆ ಹೆಣ್ಣುಮಗಳಿಗೂ ಇದೆ, ನಮಗೂ ಇದೆ.